ಹಳೆಯ ಲ್ಯಾಪ್‌ಟಾಪಿನಿಂದ ಲೆಕ್ಕ ಹೊರತೆಗೆದ ಬಗೆ

ನಮ್ಮ ವಾಚನಾಲಯದ ಕಪಾಟಿನಲ್ಲಿ ಬಹುಕಾಲದಿಂದ ಒಂದು ಹಳೆಯ ಲ್ಯಾಪ್‌ಟಾಪು ಬಿದ್ದಿತ್ತು. ಅದರ ಫ್ಲಾಪಿ ಕೆಟ್ಟಿದೆ; ಯುಎಸ್‌ಬಿ ಕಿಂಡಿ ಇಲ್ಲವೇ ಇಲ್ಲ. ಗುಜರಿಗೆ ಹಾಕಿಬಿಡಿ ಎಂದವರೇ ಹೆಚ್ಚು. ಆದರೆ ಸಂಘದ ಸಹಾಯ ನಿಧಿಯ 1997ರಿಂದ 2001ರವರೆಗಿನ ವಂತಿಗೆಯ ಲೆಕ್ಕ ಅದರಲ್ಲಿತ್ತು. ಕಾಗದದ ಪುಸ್ತಕ ಮಳೆನೀರಿನಲ್ಲಿ ನೆನೆದು ಹಾಳಾಗಿತ್ತು. ಆ ವರ್ಷಗಳಲ್ಲಿ ವಂತಿಗೆ ಕಟ್ಟಿದ್ದ ಸದಸ್ಯರೊಬ್ಬರು ಈಚೆಗೆ ತೀರಿಕೊಂಡು, ಅವರ ಪತ್ನಿ ನಿಧಿಯ ಹಣಕ್ಕೆ ಅರ್ಜಿ ಕೊಟ್ಟಾಗ, ತೋರಿಸಲು ನಮ್ಮಲ್ಲಿ ಆಧಾರವೇ ಇರಲಿಲ್ಲ.

ಯಂತ್ರದ ಹಿಂಬದಿಯಲ್ಲಿ ಒಂಬತ್ತು ಸೂಜಿಗಳ ಕಿಂಡಿಯೊಂದಿತ್ತು. ಇದೇ ಸೀರಿಯಲ್ ಪೋರ್ಟು. ಇದರ ಕ್ರಮಕ್ಕೆ ಆರ್‌ಎಸ್-232 ಎಂದು ಹೆಸರು. 1960ರಲ್ಲಿ ಅಮೆರಿಕದಲ್ಲಿ ಗೊತ್ತುಮಾಡಿದ್ದು. ಇದರಲ್ಲಿ ಅಕ್ಷರಗಳು ಒಂದೇ ತಂತಿಯ ಮೇಲೆ, ರೇಷನ್ ಅಂಗಡಿಯ ಸಾಲಿನಂತೆ, ಒಂದರ ಹಿಂದೊಂದು ಹೋಗುತ್ತವೆ.

ಹೊಸ ಕಂಪ್ಯೂಟರಿಗೆ ಯುಎಸ್‌ಬಿಯಿಂದ ಸೀರಿಯಲ್‌ಗೆ ಮಾರ್ಪಡಿಸುವ ಅಡಾಪ್ಟರು ಬೇಕು. ಅದು ಆರ್‌ಎಸ್-232ಕ್ಕೆ ತಕ್ಕದ್ದೇ ಎಂದು ಕೇಳಿ ಕೊಳ್ಳಿರಿ. 5 ವೋಲ್ಟಿನ ಬೇರೆ ಬಗೆಯದನ್ನು ಹಾಕಿದರೆ ಸುಟ್ಟುಹೋದೀತು. ನಡುವಿನ ಕೇಬಲಿಗೆ ನಲ್ ಮೋಡೆಮ್ ಕೇಬಲು ಎನ್ನುವರು. ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ತಗುಲಬೇಕಲ್ಲವೆ? ಹಾಗೆ 2ನೆಯ ಸೂಜಿ ಆಚೆಯ 3ಕ್ಕೆ, 3 ಆಚೆಯ 2ಕ್ಕೆ, 5 ಮಾತ್ರ 5ಕ್ಕೇ ಸೇರಬೇಕು. ಮೊದಲು ನಾವು ಈ ಮೂರೇ ತಂತಿ ಬೆಸೆದೆವು; ಒಂದಕ್ಷರವೂ ಹೋಗಲಿಲ್ಲ. ಆಚೆಯ ಯಂತ್ರ ‘ಸಿದ್ಧ’ ಎಂದು ಹೇಳುವ ತನಕ ಡಾಸ್ ಕಳುಹಿಸುವುದಿಲ್ಲ. ಅದಕ್ಕಾಗಿ 4 ಆಚೆಯ 6ಕ್ಕೆ, 6 ಆಚೆಯ 4ಕ್ಕೆ, 7 ಆಚೆಯ 8ಕ್ಕೆ, 8 ಆಚೆಯ 7ಕ್ಕೆ ಸೇರಿಸಿ, ಒಟ್ಟು ಏಳು ತಂತಿಯಾದ ಮೇಲೆ ಕೆಲಸ ಸಾಗಿತು.

ಎರಡೂ ಕಡೆ ವೇಗ ಒಂದೇ ಇರಬೇಕು. ಇಲ್ಲದಿದ್ದರೆ ಬರುವುದೆಲ್ಲ ಕಸ. ಹಳೆಯ ಯಂತ್ರದಲ್ಲಿ ‘ಮೋಡ್ ಕಾಮ್1:9600,ಎನ್,8,1,ಪಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆವು. ಹೊಸದರಲ್ಲಿ ಮಿನಿಕಾಮ್ ತೆರೆದು, ಅದೇ ವೇಗವಿಟ್ಟು, ಬಂದುದನ್ನೆಲ್ಲ ಫೈಲಿಗೆ ಬರೆದುಕೊಳ್ಳಲು ಹೇಳಿದೆವು. ಬಳಿಕ ಹಳೆಯದರಲ್ಲಿ ‘ಕಾಪಿ’, ಫೈಲಿನ ಹೆಸರು, ‘ಕಾಮ್1’ ಎಂದು ಬರೆದರೆ ಸರಿ. ಸಾದಾ ಅಕ್ಷರದ ಫೈಲುಗಳಿಗೆ ಮಾತ್ರ ಈ ದಾರಿ. ಒಂದೊಂದು ಅಕ್ಷರಕ್ಕೂ ಹತ್ತು ಬಿಟ್ಟು ಹಿಡಿಯುವುದರಿಂದ ಸೆಕೆಂಡಿಗೆ 960 ಅಕ್ಷರ ಬರುತ್ತವೆ. 300 ಕಿಲೋಬೈಟಿನ ಫೈಲಿಗೆ ಐದು ನಿಮಿಷದ ಮೇಲೆ ಇಪ್ಪತ್ತು ಸೆಕೆಂಡು.

ಇದರಲ್ಲಿ ತಪ್ಪನ್ನು ತಾನೇ ಹಿಡಿಯುವ ಏರ್ಪಾಡಿಲ್ಲ. ಆದ್ದರಿಂದ ಎರಡು ಸಲ ತರಿಸಿ ಹೋಲಿಸಿದೆವು. ಪ್ರತಿ ಪುಟದ ಮೊತ್ತವನ್ನೂ ಕೈಯಿಂದ ಕೂಡಿ ನೋಡಿದೆವು. ಆ ಸದಸ್ಯರ ವಂತಿಗೆ ತಿಂಗಳು ತಿಂಗಳೂ ಜಮೆಯಾಗಿತ್ತು. ಅರ್ಜಿ ಮಂಜೂರಾಯಿತು.

ಈಗ ಆ ಲೆಕ್ಕವನ್ನು ಕಾಗದದ ಮೇಲೂ ಅಚ್ಚುಹಾಕಿ ಇಟ್ಟಿದ್ದೇವೆ. ತಮ್ಮ ಮನೆಯಲ್ಲಿಯೂ ಇಂಥ ಯಂತ್ರವಿದ್ದರೆ, ಗುಜರಿಯವನನ್ನು ಕರೆಯುವ ಮುನ್ನ ಅದರೊಳಗೆ ಏನಿದೆಯೆಂದು ನೋಡಿರಿ. ಕೇಬಲು ವಾಚನಾಲಯದಲ್ಲಿದೆ, ಬೇಕಾದವರು ಕೇಳಿ ಪಡೆಯಬಹುದು.