ಹುಲಿ ಸಂರಕ್ಷಿತ ಪ್ರದೇಶಕ್ಕೆ ಸಂಸ್ಥೆಯ ಪ್ರವಾಸ: ಹೊಣೆ ಕಚೇರಿಯಲ್ಲೇ ಆರಂಭ

ಆರ್ಥಿಕ ವರ್ಷದ ಲೆಕ್ಕಪತ್ರಗಳ ಕೆಲಸ ಮುಗಿದ ನಂತರ ನೌಕರರನ್ನು ಹಾಗೂ ಮಾರಾಟದ ಗುರಿ ತಲುಪಿದ ಡೀಲರುಗಳನ್ನು ಒಂದೆರಡು ದಿನಗಳ ಪ್ರವಾಸಕ್ಕೆ ಕರೆದೊಯ್ಯುವ ಪದ್ಧತಿ ಸಣ್ಣ ಉದ್ದಿಮೆಗಳಲ್ಲಿಯೂ ರೂಢಿಗೆ ಬಂದಿದೆ. ಮೈಸೂರಿನಿಂದ ಸುಮಾರು 80 ಕಿ.ಮೀ. ದೂರದ ಬಂಡೀಪುರ ಮತ್ತು ಅದಕ್ಕೆ ಹೊಂದಿಕೊಂಡ ನಾಗರಹೊಳೆ ಇಂತಹ ಪ್ರವಾಸಗಳ ನೆಚ್ಚಿನ ತಾಣಗಳು. ಎಷ್ಟು ಜನ ಹೋಗಬೇಕು, ಯಾವ ದಿನ, ಎಲ್ಲಿ ತಂಗಬೇಕು, ಎಷ್ಟು ಹೊತ್ತಿಗೆ ಮರಳಬೇಕು ಎಂದು ಕಚೇರಿಯಲ್ಲಿ ತೀರ್ಮಾನಿಸುವಾಗಲೇ ಕಾಡಿನಲ್ಲಿ ಆ ಗುಂಪಿನ ನಡವಳಿಕೆ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಆದ್ದರಿಂದ ವೆಚ್ಚ ಮಂಜೂರು ಮಾಡುವ ಮಾಲೀಕರು ಹಾಗೂ ಪಾಲುದಾರರು ಕೆಲವು ಸಂಗತಿಗಳನ್ನು ಅರಿತಿರುವುದು ಅವಶ್ಯಕ.

ಹಿನ್ನೆಲೆ

ಕೇಂದ್ರ ಸರ್ಕಾರ 1973ರಲ್ಲಿ ಹುಲಿ ಯೋಜನೆಯನ್ನು ಆರಂಭಿಸಿದಾಗ ಆಯ್ಕೆಯಾದ ಮೊದಲ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರವೂ ಒಂದು. 2022ರ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿಗಳಿದ್ದು, ರಾಜ್ಯವು ಮಧ್ಯಪ್ರದೇಶದ ನಂತರ ಎರಡನೆಯ ಸ್ಥಾನದಲ್ಲಿತ್ತು. ಬಂಡೀಪುರದೊಳಗೆ 150 ಮತ್ತು ನಾಗರಹೊಳೆಯೊಳಗೆ 141 ಹುಲಿಗಳು ಇದ್ದವೆಂದು ಆ ವರದಿ ತಿಳಿಸಿತು. ಸರ್ವೋಚ್ಚ ನ್ಯಾಯಾಲಯವು 2012ರ ಜುಲೈನಲ್ಲಿ ಕೋರ್ ಪ್ರದೇಶದ ಪ್ರವಾಸೋದ್ಯಮವನ್ನು ತಾತ್ಕಾಲಿಕವಾಗಿ ನಿಲ್ಲಿಸಿತ್ತು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಗಳು ಅದೇ ವರ್ಷ ಅಕ್ಟೋಬರ್‌ನಲ್ಲಿ ಪ್ರಕಟವಾದ ಬಳಿಕವಷ್ಟೇ ಪ್ರವಾಸಕ್ಕೆ ಮತ್ತೆ ಅವಕಾಶ ದೊರೆಯಿತು. ಅವುಗಳ ಪ್ರಕಾರ ಕೋರ್ ಪ್ರದೇಶದ ಶೇ. 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ಬಳಸುವಂತಿಲ್ಲ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಅಸಲನ್ನು ಮುಟ್ಟದೆ ಬಡ್ಡಿಯಲ್ಲಿ ಮಾತ್ರ ಖರ್ಚು ನಡೆಸಬೇಕೆಂಬುದು ಈ ಮಿತಿಯ ಉದ್ದೇಶ.

ದಿನ ಮತ್ತು ವೇಳೆಯ ಆಯ್ಕೆ

ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಗೆ ಪರವಾನಗಿಯಿಲ್ಲದೆ ಪ್ರವೇಶಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಪ್ರವಾಸದ ದಿನ ಗೊತ್ತುಪಡಿಸುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯಿಂದ ಖಚಿತಪಡಿಸಿಕೊಳ್ಳುವುದು ಲೇಸು. 2025ರಲ್ಲಿ ಹುಲಿ ದಾಳಿಗೆ ಕಾಡಂಚಿನ ರೈತರು ಬಲಿಯಾದ ನಂತರ, ಆ ವರ್ಷದ ನವೆಂಬರ್‌ನಲ್ಲಿ ಬಂಡೀಪುರ ಮತ್ತು ನಾಗರಹೊಳೆಗಳಲ್ಲಿ ಸಫಾರಿಯನ್ನು ನಿಲ್ಲಿಸಲಾಗಿತ್ತು. ಸಿಬ್ಬಂದಿಯನ್ನು ಹುಲಿ ಸೆರೆಯ ಕೆಲಸಕ್ಕೆ ತೊಡಗಿಸಬೇಕಾದ ಅಂತಹ ಸಂದರ್ಭದಲ್ಲಿ, ಮುಂಗಡ ಕಾದಿರಿಸಿದ್ದೇವೆಂದು ಪಟ್ಟು ಹಿಡಿಯುವುದು ಸಲ್ಲದು.

ಬಂಡೀಪುರದ ಮೂಲಕ ಕೇರಳಕ್ಕೆ ಮತ್ತು ಊಟಿಗೆ ಸಾಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧ ಇರುವುದು ಸರಕು ಸಾಗಿಸುವ ವರ್ತಕರಿಗೆ ತಿಳಿದ ವಿಷಯ. 2009ರಲ್ಲಿ ಹೊರಡಿಸಿದ ಈ ಆದೇಶವನ್ನು ಕರ್ನಾಟಕ ಹೈಕೋರ್ಟ್ 2010ರಲ್ಲಿ ಎತ್ತಿಹಿಡಿಯಿತು. ಲಾರಿಗೆ ಅನ್ವಯಿಸುವ ನಿಯಮ ಪ್ರವಾಸದ ಬಸ್ಸಿಗೂ ಅನ್ವಯಿಸುತ್ತದೆ. ಸಂಜೆ ತಡವಾಗಿ ಊಟಿ ಬಿಟ್ಟು, ಗೇಟು ಮುಚ್ಚುವ ಮೊದಲೇ ತಲುಪಬೇಕೆಂಬ ಆತುರದಲ್ಲಿ ಕಾಡಿನ ರಸ್ತೆಯಲ್ಲಿ ವೇಗವಾಗಿ ವಾಹನ ಓಡಿಸಿದರೆ ಜಿಂಕೆಗೂ ಅಪಾಯ, ಪ್ರಯಾಣಿಕರಿಗೂ ಅಪಾಯ. ವೇಳಾಪಟ್ಟಿಯಲ್ಲಿ ಎರಡು ಗಂಟೆ ಮುಂಚಿತವಾಗಿ ಹೊರಡಲು ಅವಕಾಶವಿಟ್ಟರೆ ಈ ಸಮಸ್ಯೆಯೇ ಉದ್ಭವಿಸದು.

ಕಾಡಿನೊಳಗೆ

ವನ್ಯಪ್ರಾಣಿಗಳಿಂದ ಕನಿಷ್ಠ 20 ಮೀಟರ್ ಅಂತರ ಕಾಯ್ದುಕೊಳ್ಳಬೇಕೆಂದು 2012ರ ಮಾರ್ಗಸೂಚಿಗಳು ಹೇಳುತ್ತವೆ. ಪ್ರಾಣಿಗಳನ್ನು ಕೆಣಕುವುದು ಮತ್ತು ಕಸ ಎಸೆಯುವುದು ಕಾಯ್ದೆಯಡಿ ನಿಷಿದ್ಧ. ಕೋರ್ ಪ್ರದೇಶದ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಕೆಗೆ ಅವಕಾಶವಿರಬಾರದೆಂದು ಸರ್ವೋಚ್ಚ ನ್ಯಾಯಾಲಯ 2025ರ ನವೆಂಬರ್‌ನಲ್ಲಿ ಆದೇಶಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ವಾಹನದಿಂದಿಳಿದು ಆನೆಯ ಬಳಿ ಹೋದ ವ್ಯಕ್ತಿಯೊಬ್ಬರು ಅದರ ದಾಳಿಗೆ ಸಿಲುಕಿ ಬದುಕುಳಿದರು. ಅವರಿಗೆ 25,000 ರೂ. ದಂಡವನ್ನೂ ವಿಧಿಸಲಾಯಿತು.

ಹುಲಿ ತೋರಿಸಿದರೆ ಇನಾಮು ಎಂದು ಸಫಾರಿ ಚಾಲಕರಿಗೆ ಆಸೆ ಹುಟ್ಟಿಸುವುದು ಗುಂಪು ಪ್ರವಾಸಗಳಲ್ಲಿ ಕಾಣುವ ದೋಷ. ಇದರಿಂದ ಒಂದೇ ಪ್ರಾಣಿಯ ಸುತ್ತ ಹಲವು ವಾಹನಗಳು ಮುತ್ತಿಕೊಳ್ಳುತ್ತವೆ. ಮರಿಗಳಿರುವ ಹೆಣ್ಣು ಹುಲಿ ನೀರಿನ ಕಡೆಗೆ ಬರಲಾರದೆ ಹಿಂತಿರುಗಬೇಕಾಗುತ್ತದೆ. ಫೆಬ್ರುವರಿಯಿಂದ ಮಳೆ ಬರುವವರೆಗೆ ಈ ಎಲೆಯುದುರುವ ಕಾಡು ಒಣಗಿರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಅರಣ್ಯ ಬೆಂಕಿಗೆ ಆಹುತಿಯಾಯಿತು. ಆರದ ಒಂದು ಬೀಡಿಯ ತುಂಡು ಉಂಟುಮಾಡಬಲ್ಲ ನಷ್ಟಕ್ಕೆ ಯಾವ ವಿಮೆಯೂ ಇಲ್ಲ.

ವಸತಿಯ ಆಯ್ಕೆಯಲ್ಲಿಯೂ ವಿವೇಚನೆ ಬೇಕು. ಕಾಡಿನ ಅಂಚಿನಲ್ಲಿ ಧ್ವನಿವರ್ಧಕ, ಪ್ರಖರ ದೀಪ ಮತ್ತು ಕ್ಯಾಂಪ್‌ಫೈರ್‌ಗಳನ್ನು ಸೌಲಭ್ಯವೆಂದು ಜಾಹೀರಾತು ಮಾಡುವ ರೆಸಾರ್ಟುಗಳನ್ನು ಬಿಡುವುದು ಒಳ್ಳೆಯದು. ಬೆದರಿದ ಆನೆಗಳು ಪಕ್ಕದ ಹೊಲಗಳಿಗೆ ನುಗ್ಗಿದರೆ ಪ್ರವಾಸಿಗರ ಸಂತೋಷಕೂಟದ ಬಿಲ್ಲನ್ನು ರೈತ ತೆತ್ತಂತಾಗುತ್ತದೆ. ಊಟ, ವಾಹನ ಹಾಗೂ ಜೇನಿನಂತಹ ವಸ್ತುಗಳನ್ನು ಸ್ಥಳೀಯರಿಂದ ಪಡೆದರೆ ಪ್ರವಾಸದ ಹಣದ ಒಂದಷ್ಟು ಪಾಲು ಹುಲಿಯ ನೆರೆಯಲ್ಲಿ ಬದುಕುವವರ ಕೈಸೇರುತ್ತದೆ.

ಲೆಕ್ಕಪತ್ರದ ಅಂಶಗಳು

ನೌಕರರ ಪ್ರವಾಸದ ವೆಚ್ಚವನ್ನು ಕಲ್ಯಾಣ ವೆಚ್ಚವೆಂದು ದಾಖಲಿಸುವಾಗ ರಶೀದಿಗಳ ಜೊತೆಗೆ ಪ್ರವಾಸದ ಉದ್ದೇಶ ಮತ್ತು ಹೋದವರ ಪಟ್ಟಿಯೂ ಇರಬೇಕು. ಡೀಲರುಗಳ ಪ್ರವಾಸದ ವಿಷಯದಲ್ಲಿ 2022ರ ಜುಲೈ 1ರಿಂದ ಹೊಸ ಹೊಣೆ ಸೇರಿದೆ. ಒಬ್ಬರಿಗೆ ಒಂದು ಆರ್ಥಿಕ ವರ್ಷದಲ್ಲಿ ನೀಡುವ ಇಂತಹ ಪ್ರಯೋಜನದ ಮೌಲ್ಯ 20,000 ರೂ. ಮೀರಿದರೆ ಶೇ. 10ರಷ್ಟು ಮೂಲದಲ್ಲಿ ತೆರಿಗೆ ಕಡಿತಗೊಳಿಸಬೇಕು. ಸಣ್ಣ ವಹಿವಾಟಿನ ವೈಯಕ್ತಿಕ ವ್ಯಾಪಾರಿಗಳಿಗೆ ಇದರಿಂದ ವಿನಾಯಿತಿ ಇದೆ. ಇನ್ನು, ಕಾನೂನು ಉಲ್ಲಂಘನೆಗಾಗಿ ತೆತ್ತ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರದ ವೆಚ್ಚವೆಂದು ಕಳೆಯಲಾಗದು. ಕಾಡಿನಲ್ಲಿ ಕಟ್ಟಿದ ದಂಡವನ್ನು ಇತರೆ ವೆಚ್ಚಗಳಲ್ಲಿ ಸೇರಿಸಿಬಿಡುವುದು ತಪ್ಪು.

ಹೊರಡುವ ವಾರದ ಮೊದಲೇ ಒಂದು ಪುಟದ ಸೂಚನಾಪತ್ರವನ್ನು ಎಲ್ಲರಿಗೂ ಹಂಚಿ, ಗುಂಪಿಗೆ ಒಬ್ಬ ಜವಾಬ್ದಾರರನ್ನು ನೇಮಿಸುವುದು ಸೂಕ್ತ. ಹೊರಡುವ ಮತ್ತು ಮರಳುವ ವೇಳೆ, ವಾಹನದಿಂದ ಇಳಿಯಬಾರದ ಜಾಗ, ಮೊಬೈಲ್ ಹಾಗೂ ಧೂಮಪಾನದ ನಿಷೇಧ, ಕಸವನ್ನು ಹಿಂದಕ್ಕೆ ತರುವ ಚೀಲ ಇವಿಷ್ಟು ಅದರಲ್ಲಿದ್ದರೆ ಸಾಕು. ಹುಲಿ ಕಾಣಿಸದೆ ಹೋಗಬಹುದು ಎಂಬ ಮಾತನ್ನೂ ಅದರಲ್ಲಿ ಮೊದಲೇ ಬರೆದಿಡುವುದು ಒಳಿತು.