ಕೂಸು ಬಡವಾಗದಿರಲಿ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ಎಲ್ಲರಿಗೂ ತಿಳಿದದ್ದೇ. ಆ ಕೂಸು ನಡೆಯಲಾರದ್ದೋ, ಮಾತು ಬಾರದ್ದೋ, ಬುದ್ಧಿಯ ಬೆಳವಣಿಗೆ ಕುಂಠಿತವಾದದ್ದೋ ಆಗಿದ್ದರೆ ಅದರ ಬಡತನಕ್ಕೆ ಮೇರೆಯೆಲ್ಲಿ? ಊರಿನಲ್ಲಾದರೆ ಅಜ್ಜಿಯೋ ಚಿಕ್ಕಮ್ಮನೋ ಎತ್ತಿಕೊಂಡಾರು. ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ತಾಯಿತಂದೆಗಳಿಬ್ಬರೇ ಅದರ ಪ್ರಪಂಚ. ಆ ಪ್ರಪಂಚವೇ ಎರಡು ಹೋಳಾಗಿ ಬಾಂದ್ರಾದ ಕುಟುಂಬ ನ್ಯಾಯಾಲಯದ ಮೆಟ್ಟಿಲೇರಿದಾಗ ಏನಾಗಬೇಕೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಮೊದಲು ಕಾನೂನಿನ ಮಾತು. ಕುಟುಂಬ ನ್ಯಾಯಾಲಯಗಳು 1984ರ ಕಾಯಿದೆಯಿಂದ ಹುಟ್ಟಿದವು. ಅಲ್ಲಿ ಮೊದಲು ರಾಜಿಗೆ ಯತ್ನಿಸತಕ್ಕದ್ದು, ಅದಕ್ಕೆಂದೇ ಸಲಹೆಗಾರರಿದ್ದಾರೆ, ವೈದ್ಯರ ಮತ್ತು ತಜ್ಞರ ನೆರವನ್ನೂ ನ್ಯಾಯಾಧೀಶರು ಪಡೆಯಬಹುದು. ಹಿಂದೂ ಕುಟುಂಬಗಳಿಗೆ ಅನ್ವಯಿಸುವ 1956ರ ಕಾಯಿದೆಯಂತೆ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು. ಆದರೆ ಎಲ್ಲಕ್ಕೂ ಮಿಗಿಲಾದ ಸೂತ್ರ ಒಂದೇ, ಮಗುವಿನ ಹಿತ. ಅದರ ಮುಂದೆ ತಂದೆಯ ಹಕ್ಕೂ ತಾಯಿಯ ಹಕ್ಕೂ ಗೌಣ. ಅಂಗವಿಕಲತೆಯೊಂದೇ ಕಾರಣದಿಂದ ಮಗುವನ್ನು ತಾಯಿತಂದೆಗಳಿಂದ ಅಗಲಿಸಕೂಡದೆಂದೂ, ಅದರ ಹಿತಕ್ಕೆ ಅವಶ್ಯವೆಂದು ನ್ಯಾಯಾಲಯ ಆಜ್ಞೆ ಮಾಡಿದರೆ ಮಾತ್ರ ಹಾಗೆ ಮಾಡಬಹುದೆಂದೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳುತ್ತದೆ.

ಆದರೆ ಈ 'ಹಿತ' ಎಂದರೇನು? ಆಟಿಸಂ ಇರುವ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಅವನಿಗೆ ದಿನವೂ ಅದೇ ತಟ್ಟೆ, ಅದೇ ದಾರಿ, ಅದೇ ಹೊತ್ತು ಬೇಕು. ತಿಂಗಳಿಗೆ ಎರಡು ಶನಿವಾರ ತಂದೆಯ ಮನೆಯಲ್ಲಿ ಎಂದು ಆಜ್ಞೆಯಲ್ಲಿ ಬರೆಯುವುದು ಸುಲಭ. ಬೇರೆ ಮಕ್ಕಳಿಗೆ ಅದು ಜಾತ್ರೆಗೆ ಹೋದಷ್ಟು ಸಂಭ್ರಮ. ಈ ಹುಡುಗನಿಗೆ ಹೊಸ ಹಾಸಿಗೆ, ಹೊಸ ಸದ್ದು, ರಾತ್ರಿಯೆಲ್ಲ ಅಳು. 'ತಾಯಿಯೇ ಮಗನ ಕಿವಿ ಊದಿದ್ದಾಳೆ' ಎಂದು ತಂದೆ. 'ಇವರಿಗೆ ಮಗುವನ್ನು ನೋಡಿಕೊಳ್ಳಲು ಬಾರದು' ಎಂದು ತಾಯಿ. ಎರಡೂ ಅರ್ಜಿಯಾಗಿ ಕೋರ್ಟಿಗೆ ಬರುತ್ತವೆ. ನಿಜಸಂಗತಿ ಇಷ್ಟೇ: ಹುಡುಗನಿಗೆ ಬದಲಾವಣೆ ಸಹಿಸದು.

ಆದುದರಿಂದ ಇಂಥ ಮಗುವಿನ ವಿಷಯದಲ್ಲಿ ದಿನಗಳನ್ನು ಹಂಚಿಕೊಂಡರೆ ಸಾಲದು. ದಿನಚರಿಯನ್ನೇ ರಾಜಿಪತ್ರದಲ್ಲಿ ಬರೆಸಬೇಕು. ಮೊದಲ ಕೆಲವು ಭೇಟಿಗಳು ಮಗುವಿಗೆ ಪರಿಚಿತವಾದ ಜಾಗದಲ್ಲೇ ನಡೆಯಲಿ. ಮಾತಿನ ತರಬೇತಿಯ ಕ್ರಮವನ್ನು ಇಬ್ಬರೂ ಒಬ್ಬರೇ ತರಬೇತುದಾರರಿಂದ ಕಲಿಯಲಿ. ಔಷಧ, ಶಾಲೆ, ತರಬೇತಿಗಳ ಖರ್ಚು ಯಾರದೆಂಬುದು ಜೀವನಾಂಶದಿಂದ ಬೇರೆಯಾಗಿ ನಮೂದಾಗಲಿ. ಕಚೇರಿಯ ಗುಮಾಸ್ತನಾದ ನನಗೆ ಕಾಗದದ ಮಹಿಮೆ ಚೆನ್ನಾಗಿ ಗೊತ್ತು. ಅಂಗವಿಕಲತೆಯ ಪ್ರಮಾಣಪತ್ರದ ಮೂಲಪ್ರತಿ ಯಾರ ಪೆಟ್ಟಿಗೆಯಲ್ಲಿದೆ ಎಂಬುದರ ಮೇಲೇ ಹೊಸ ಜಗಳ ಹುಟ್ಟಬಲ್ಲದು. ಅದನ್ನೂ ಬರೆಸಿಡಿ. ಮಗು ಬೆಳೆದಂತೆ ಆಜ್ಞೆ ಬದಲಾಗಬೇಕಾದೀತು. ನ್ಯಾಯಾಲಯಕ್ಕೆ ಆ ಅಧಿಕಾರವಿದೆ.

'ಅವಳಿಗೆ ನೌಕರಿ, ಮಗುವನ್ನು ನೋಡಲು ಹೊತ್ತೆಲ್ಲಿ?' ಎಂಬ ವಾದವೂ ಬರುವುದುಂಟು. ಕೇಂದ್ರ ಸರಕಾರದ ನೌಕರಿಯಲ್ಲಿರುವ ತಾಯಿಗೆ ಮಕ್ಕಳ ಆರೈಕೆಗಾಗಿ ಸೇವಾವಧಿಯಲ್ಲಿ 730 ದಿನಗಳ ರಜೆಯುಂಟು. ಒಂಟಿಯಾಗಿ ಮಗುವನ್ನು ಸಾಕುವ ತಂದೆಗೂ ಉಂಟು. ಅಂಗವಿಕಲ ಮಗುವಿಗೆ ವಯಸ್ಸಿನ ಮಿತಿಯಿಲ್ಲ.

ಮಿಕ್ಕ ಮಕ್ಕಳ ಮೊಕದ್ದಮೆ 18 ವರ್ಷಕ್ಕೆ ಮುಗಿಯುತ್ತದೆ. ಇಲ್ಲಿ ಆಗ ಹೊಸ ಅಧ್ಯಾಯವೇ ಆರಂಭ. ದೇಹದ ಅಥವಾ ಮನಸ್ಸಿನ ಊನದಿಂದ ತಾನಾಗಿ ಜೀವಿಸಲಾರದ ಮಗನಿಗೆ ಪ್ರಾಯಕ್ಕೆ ಬಂದ ಮೇಲೂ ಜೀವನಾಂಶದ ಹಕ್ಕಿದೆ. ಮದುವೆಯಾಗದ ಮಗಳಿಗೂ ಹಾಗೆಯೇ. ಹಿಂದೆ ಇದು 1973ರ ಸಂಹಿತೆಯ 125ನೆಯ ಕಲಮು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಊನ, ಬಹುವಿಧ ಊನ ಉಳ್ಳವರಿಗೆ ಪ್ರಾಯಕ್ಕೆ ಬಂದ ಮೇಲೆ ಪಾಲಕರನ್ನು ನೇಮಿಸಲು 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಂತೆ ಜಿಲ್ಲೆಗಳಲ್ಲಿ ಸ್ಥಳೀಯ ಸಮಿತಿಗಳಿವೆ.

2025ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಒಂದು ಮೊಕದ್ದಮೆ ಇಲ್ಲಿ ಸ್ಮರಣೀಯ. ತಾಯಿತಂದೆಗಳು ಬೇರೆಯಾಗಿದ್ದರು, ಮಗ ಪ್ರಾಯದವನು. ತಂದೆಯ ಬಳಿ ಇರುವೆನೆಂದು ಅವನು ಹೇಳಿದ್ದನ್ನು ಮದ್ರಾಸು ಹೈಕೋರ್ಟು ಒಪ್ಪಿತ್ತು. ಸುಪ್ರೀಂ ಕೋರ್ಟು ಅವನನ್ನು ಬೆಂಗಳೂರಿನ ನಿಮ್ಹಾನ್ಸಿನ ವೈದ್ಯರಿಂದ ಪರೀಕ್ಷೆ ಮಾಡಿಸಿತು. ಅವನ ತಿಳಿವಳಿಕೆ ಎಂಟು-ಹತ್ತು ವರ್ಷದ ಮಗುವಿನದೆಂದು ಕಂಡುಬಂದ ಮೇಲೆ, ಅವನು ಬೆಳೆದ ಅಮೆರಿಕೆಗೆ ತಾಯಿಯೊಡನೆ ಮರಳುವುದೇ ಹಿತವೆಂದು ತೀರ್ಪಾಯಿತು. ಕಾಗದದ ಮೇಲಿನ ವಯಸ್ಸಾಗಲಿ, ಬಾಯಿಂದ ಬಂದ ಒಂದು ಮಾತಾಗಲಿ ಇಂಥಲ್ಲಿ ಸಾಕಾಗದು.

ಮಗು ಯಾರ ಬಳಿಯಿರಬೇಕೆಂಬ ಪ್ರಶ್ನೆಗೆ ನ್ಯಾಯಾಧೀಶರು ಉತ್ತರ ಕೊಡಬಲ್ಲರು. ನಾಳೆ ಬೆಳಿಗ್ಗೆ ಏಳಕ್ಕೆ ಅದಕ್ಕೆ ಉಣ್ಣಿಸುವವರು ಯಾರು, ತಾವು ಕಣ್ಣು ಮುಚ್ಚಿದ ಮೇಲೆ ನೋಡುವವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ತಾಯಿತಂದೆಗಳೇ ಒಂದೆಡೆ ಕುಳಿತು ಹುಡುಕಬೇಕು. ಗಂಡ ಹೆಂಡಿರಾಗಿ ಬೇರೆಯಾದವರೂ ಅಷ್ಟು ಹೊತ್ತು ಒಂದೆಡೆ ಕೂಡಲೇಬೇಕು.