ರೋಮಿನ ನೀರು, ರೋಮಿನ ಗಾರೆ

ಕ್ರಿ.ಶ. 97ರಲ್ಲಿ ರೋಮ್ ನಗರದ ನೀರು ಸರಬರಾಜಿಗೆ ಹೊಸ ಮೇಲಧಿಕಾರಿ ನೇಮಕವಾದ. ಹೆಸರು ಸೆಕ್ಸ್ಟಸ್ ಜೂಲಿಯಸ್ ಫ್ರಂಟೈನಸ್. ಬ್ರಿಟನ್ ಪ್ರಾಂತ್ಯವನ್ನು ಆಳಿ ಬಂದವನು, ದಂಡು ನಡೆಸಿದವನು, ವಯಸ್ಸು ಅರವತ್ತರ ಆಸುಪಾಸು. ಇಂಥ ದೊಡ್ಡವರಿಗೆ ಇಂಥ ಹುದ್ದೆ ಸಿಕ್ಕರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು: ಗುಮಾಸ್ತರು ತಂದಿಟ್ಟ ಕಾಗದಕ್ಕೆ ರುಜು ಬೀಳುತ್ತದೆ, ಅಷ್ಟೆ. ಈತನ ಜಾಯಮಾನ ಬೇರೆ. ಕೈಕೆಳಗಿನವರು ಹೇಳಿಕೊಟ್ಟಂತೆ ಅಧಿಕಾರ ನಡೆಸುವುದು ಮರ್ಯಾದಸ್ಥನಿಗೆ ತಕ್ಕದ್ದಲ್ಲ ಎಂದು ನಂಬಿದ್ದ. ಊರಿಗೆ ನೀರು ತರುತ್ತಿದ್ದ ಒಂಬತ್ತು ಕಾಲುವೆಗಳ ನಕ್ಷೆ ಬರೆಸಿದ, ತಾನೇ ಹೋಗಿ ನೋಡಿದ, ಅಳೆಸಿದ, ಹಳೆಯ ಕಡತ ತೆಗೆಸಿದ.

ಕಡತದಲ್ಲಿ ವಿಚಿತ್ರ ಕಂಡಿತು. ಆಗ ನೀರನ್ನು ಅಳೆಯುತ್ತಿದ್ದದ್ದು ‘ಕ್ವಿನಾರಿಯ’ ಎಂಬ ಕೊಳವೆಯ ಲೆಕ್ಕದಲ್ಲಿ. ಕಾಲುವೆಗಳಿಂದ ಬಂದದ್ದು 12,755 ಕ್ವಿನಾರಿಯ ಎಂದು ಬರೆದಿತ್ತು. ಹಂಚಿದ್ದು 14,018 ಎಂದು ಬರೆದಿತ್ತು. ಜಮೆಗಿಂತ ಖರ್ಚು ಹೆಚ್ಚು! ಫ್ರಂಟೈನಸ್ ಕಾಲುವೆಗಳ ತಲೆಯಲ್ಲೇ ಅಳತೆ ತೆಗೆಸಿದಾಗ, ಕಡತ ಹೇಳಿದ್ದಕ್ಕಿಂತ ಸುಮಾರು 10,000 ಕ್ವಿನಾರಿಯ ಹೆಚ್ಚೇ ನೀರು ಹೊರಡುತ್ತಿತ್ತು. ನಡುವೆ ಅದು ಎಲ್ಲಿ ಹೋಯಿತು? ಬೀದಿಯ ಹಾಸುಗಲ್ಲು ಅಗೆಸಿದ. ಅಡಿಯಲ್ಲಿ ಕಳ್ಳ ಕೊಳವೆಗಳು ಹರಡಿಕೊಂಡಿದ್ದವು. ಸರ್ಕಾರಿ ನೀರುಗಾರರೇ ಮುಖ್ಯ ಕೊಳವೆಗೆ ತೂತು ಕೊರೆದು ಅಂಗಡಿ-ಮುಂಗಟ್ಟಿಗೆ ನೀರು ಮಾರುತ್ತಿದ್ದರು. ಒಬ್ಬನ ನೀರಿನ ಹಕ್ಕು ಇನ್ನೊಬ್ಬನಿಗೆ ಹೋದಾಗ ತೊಟ್ಟಿಗೆ ಹೊಸ ತೂತು ಹಾಕಿಕೊಟ್ಟು, ಹಳೆಯದನ್ನು ಮುಚ್ಚದೆ ತಮ್ಮ ವ್ಯಾಪಾರಕ್ಕೆ ಇಟ್ಟುಕೊಳ್ಳುತ್ತಿದ್ದರು. ಈ ಕೊಳವೆಗಳನ್ನು ಕಿತ್ತು ತೆಗೆದಾಗ ಸಿಕ್ಕ ಸೀಸವೇ ರಾಶಿಯಾಯಿತು.

ರೋಮನ್ ಇಂಜಿನಿಯರಿಂಗ್ ಬಗ್ಗೆ ಬರೆಯುವಾಗ ಕಮಾನಿನಿಂದ ಶುರುಮಾಡುವುದು ವಾಡಿಕೆ. ನಾನು ಕಳ್ಳ ನಲ್ಲಿಯಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಇಂದಿನ ಯಾವ ನಗರದ ಜಲಮಂಡಳಿಯ ಇಂಜಿನಿಯರನ್ನು ಕೇಳಿದರೂ, ಅಣೆಕಟ್ಟು ಕಟ್ಟುವುದಕ್ಕಿಂತ ದೊಡ್ಡ ತಲೆನೋವು ಹಂಚಿಕೆ, ಸೋರಿಕೆ ಮತ್ತು ಕಳವು ಎಂದೇ ಹೇಳುತ್ತಾರೆ. ಕಟ್ಟಿದ್ದನ್ನು ಕಾಯುವುದಕ್ಕೂ ಒಂದು ಖಾತೆ ಬೇಕು, ಅದಕ್ಕೆ ಆಳು ಬೇಕು, ಹಣ ಬೇಕು, ಕಾನೂನು ಬೇಕು ಎಂಬುದನ್ನು ರೋಮನ್ನರು ಕಲಿತುಕೊಂಡಿದ್ದರು. ಫ್ರಂಟೈನಸನ ಕೈಕೆಳಗೆ ಒಟ್ಟು 700 ಗುಲಾಮರ ಎರಡು ತಂಡಗಳಿದ್ದವು: ಕೊಳವೆಯವರು, ತೊಟ್ಟಿ ಕಾಯುವವರು, ತನಿಖೆಯವರು, ಕಲ್ಲು ಹಾಸುವವರು, ಗಾರೆಯವರು. ನಮ್ಮ ಕೆರೆಗಳಲ್ಲಿ ನೀರಗಂಟಿ ಒಬ್ಬನೇ ತೂಬು ನೋಡಿಕೊಂಡು ಮಾಡುತ್ತಿದ್ದ ಕೆಲಸ ಅಲ್ಲಿ ಒಂದು ಇಲಾಖೆಯೇ ಆಗಿತ್ತು. ಮನೆಗೆ ನೀರು ಬಿಡುವ ಮೂತಿ ಕಂಚಿನದ್ದೇ ಆಗಬೇಕು, ಏಕೆಂದರೆ ಸೀಸವನ್ನು ಬಡಿದು ಅಗಲ ಮಾಡಬಹುದು. ಮೂತಿಯ ಮೇಲೆ ಸರ್ಕಾರಿ ಮುದ್ರೆ ಬೇಕು. ಮೂತಿಯಾಚೆ 50 ಅಡಿಯವರೆಗೆ ಕೊಳವೆಯ ಅಗಲ ಬದಲಾಗಕೂಡದು. ಕಮಾನು-ಗೋಡೆಗಳ ಎರಡೂ ಬದಿ 15 ಅಡಿ, ನೆಲದೊಳಗಿನ ಕಾಲುವೆಯ ಬದಿಗೆ 5 ಅಡಿ ಜಾಗ ಖಾಲಿ ಇರಬೇಕು. ಅಲ್ಲಿ ಮರ ನೆಟ್ಟರೆ, ಮನೆ ಕಟ್ಟಿದರೆ ದಂಡ, ದಂಡದಲ್ಲಿ ಅರ್ಧ ದೂರು ಕೊಟ್ಟವನಿಗೆ. ಇಂದು ಹೈಟೆನ್ಷನ್ ತಂತಿಯ ಕೆಳಗೆ, ರೈಲು ಹಳಿಯ ಪಕ್ಕದಲ್ಲಿ ಜಾಗ ಬಿಡಿಸುವ ಕಾನೂನುಗಳ ತರ್ಕವೂ ಇದೇ.

ಫ್ರಂಟೈನಸ್ ಇದೆಲ್ಲವನ್ನೂ ಒಂದು ಪುಸ್ತಕವಾಗಿ ಬರೆದಿಟ್ಟ. ಸಾಮ್ರಾಜ್ಯ ಮುಳುಗಿತು, ಪುಸ್ತಕ ಮರೆತುಹೋಯಿತು. 1429ರಲ್ಲಿ ಪೊಜ್ಜೊ ಬ್ರಾಚೊಲೀನಿ ಎಂಬ ಹಸ್ತಪ್ರತಿ ಬೇಟೆಗಾರನಿಗೆ ಮಾಂಟೆ ಕಸಿನೊ ಮಠದಲ್ಲಿ ಅದರ ಪ್ರತಿ ಸಿಕ್ಕಿತು. ಅದನ್ನು 1899ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದ್ದು ಪಂಡಿತನಲ್ಲ, ಅಮೆರಿಕದ ಜಲ ಇಂಜಿನಿಯರ್ ಕ್ಲೆಮೆನ್ಸ್ ಹರ್ಶೆಲ್; ಕೊಳವೆಯಲ್ಲಿ ಹರಿಯುವ ನೀರನ್ನು ಅಳೆಯುವ ವೆಂಚುರಿ ಮೀಟರ್ ರೂಪಿಸಿದಾತ. ಗಿರಣಿಗಳು ಎಷ್ಟು ನೀರು ಬಳಸುತ್ತವೆಂದು ಅಳೆದು ದುಡ್ಡು ವಸೂಲಿಗೆ ದಾರಿ ಮಾಡಿಕೊಡುವುದೇ ಅವನ ಕಸುಬಾಗಿತ್ತು. ಹಾಗಾಗಿ ಫ್ರಂಟೈನಸ್ ಎಡವಿದ ಜಾಗವೂ ಅವನಿಗೆ ಕಂಡಿತು. ರೋಮನ್ನರು ಕೊಳವೆಯ ಬಾಯಿಯ ಅಗಲ ನೋಡಿದರೇ ಹೊರತು ನೀರಿನ ವೇಗವನ್ನು ಲೆಕ್ಕಕ್ಕೆ ತರಲಿಲ್ಲ. ಕಡತದಲ್ಲಿ ಲೆಕ್ಕ ತಾಳೆಯಾಗದ್ದಕ್ಕೆ ಕಳ್ಳತನದ ಜೊತೆಗೆ ಇದೂ ಕಾರಣ.

ಇನ್ನು ಕಾಲುವೆಯ ವಿಷಯ. ಚಿತ್ರಗಳಲ್ಲಿ ನಾವು ನೋಡುವುದು ಫ್ರಾನ್ಸಿನ ಪೋಂ ದ್ಯು ಗಾರ್: ಮೂರು ಅಂತಸ್ತಿನ ಕಮಾನು, 49 ಮೀಟರ್ ಎತ್ತರ. ಆದರೆ ಕಮಾನು ಎಂಬುದು ಕಣಿವೆ ದಾಟಲು ಬೇರೆ ದಾರಿಯಿಲ್ಲದಾಗ ಮಾಡುವ ದುಬಾರಿ ಕೆಲಸ. ರೋಮಿಗೆ ನೀರು ತಂದ ಆಕ್ವಾ ಮಾರ್ಸಿಯ ಕಾಲುವೆ ಸುಮಾರು 91 ಕಿ.ಮೀ. ಉದ್ದ, ಅದರಲ್ಲಿ 80 ಕಿ.ಮೀ. ನೆಲದೊಳಗೇ ಇತ್ತು. ನಿಜವಾದ ಜಾಣತನ ಇದ್ದದ್ದು ಇಳಿಜಾರಿನಲ್ಲಿ. ಪೋಂ ದ್ಯು ಗಾರ್ ಹಾದು ನೀಮ್ ಊರಿಗೆ ಹೋಗುವ ಕಾಲುವೆ 50 ಕಿ.ಮೀ. ಹರಿದು ಇಳಿಯುವುದು ಸುಮಾರು 12–13 ಮೀಟರ್ ಮಾತ್ರ. ಕಿಲೋಮೀಟರಿಗೆ 25 ಸೆಂಟಿಮೀಟರ್! ಇಳಿಜಾರು ಹೆಚ್ಚಾದರೆ ನೀರು ಗೋಡೆಯನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಮಟ್ಟ ನೋಡಲು ಅವರ ಬಳಿ ಇದ್ದದ್ದೇನು? ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ವರ್ಣಿಸುವ ‘ಕೊರೊಬೇಟಿಸ್’ ಎಂಬ 20 ಅಡಿ ಉದ್ದದ ಮರದ ಮಣೆ, ಅದರ ಎರಡು ತುದಿಗೆ ತೂಗುಗುಂಡು. ಗಾಳಿಗೆ ದಾರ ಅಲುಗಾಡಿದರೆ, ಮಣೆಯ ಮೇಲೆ ಕೆತ್ತಿದ 5 ಅಡಿ ಉದ್ದದ ಕಿರುಗಾಲುವೆಗೆ ನೀರು ಸುರಿದು, ಅದು ಎರಡೂ ತುದಿಯಲ್ಲಿ ಅಂಚನ್ನು ಸಮನಾಗಿ ಮುಟ್ಟುತ್ತದೆಯೇ ನೋಡುವುದು.

ಈ ಪಾಠ ಎಷ್ಟು ದೂರ ಹೋಯಿತು ಎನ್ನಲು ನ್ಯೂಯಾರ್ಕ್ ನೋಡಿ. 1842ರಲ್ಲಿ ಆ ನಗರಕ್ಕೆ ನೀರು ತಂದ ಕ್ರೋಟನ್ ಕಾಲುವೆ ಸುಮಾರು 66 ಕಿ.ಮೀ. ಉದ್ದ, ಒಳಗೆ ಇಟ್ಟಿಗೆ ಗಾರೆ, ಪಂಪಿಲ್ಲ, ಬರೀ ಇಳಿಜಾರು. ಕಿಲೋಮೀಟರಿಗೆ 21 ಸೆಂಟಿಮೀಟರ್. ಅದು ಹಾರ್ಲೆಮ್ ನದಿ ದಾಟಲು 1848ರಲ್ಲಿ ಮುಗಿದ ಹೈ ಬ್ರಿಡ್ಜ್ ಅಚ್ಚ ರೋಮನ್ ಮಾದರಿಯ ಕಲ್ಲಿನ ಕಮಾನುಗಳ ಸಾಲು. ಹಡಗುಗಳಿಗೆ ಅಡ್ಡಿಯಾಯಿತೆಂದು 1920ರ ದಶಕದಲ್ಲಿ ನದಿಯ ಮೇಲಿನ ಕಮಾನುಗಳನ್ನು ತೆಗೆದು ಉಕ್ಕಿನ ಒಂದೇ ಕಮಾನು ಕೂರಿಸಿದರು. ದಡದ ಕಲ್ಲಿನ ಕಮಾನು ಈಗಲೂ ಇವೆ.

ರೋಮಿನಲ್ಲೇ ಒಂದು ಕಾಲುವೆ ಹೆಚ್ಚುಕಡಿಮೆ ಬತ್ತದೆ ಉಳಿಯಿತು. ಕ್ರಿ.ಪೂ. 19ರಲ್ಲಿ ಸೇನಾಪತಿ ಅಗ್ರಿಪ್ಪ ತರಿಸಿದ ಆಕ್ವಾ ವಿರ್ಗೊ, ಸುಮಾರು 21 ಕಿ.ಮೀ., ಬಹುಪಾಲು ನೆಲದಡಿಯಲ್ಲಿ. ಕ್ರಿ.ಶ. 537ರಲ್ಲಿ ಗಾತ್ ಸೈನ್ಯ ನಗರವನ್ನು ಮುತ್ತಿ ಕಾಲುವೆಗಳನ್ನು ಒಡೆದಾಗ ನೆಲದ ಮೇಲಿನವು ಹೆಚ್ಚು ಪೆಟ್ಟು ತಿಂದವು. ಆ ಮುತ್ತಿಗೆಯಲ್ಲಿ ಕೆಲವು ಗಾತ್ ಸೈನಿಕರು ಪಂಜು ಹಿಡಿದು ಬತ್ತಿದ ಕಾಲುವೆಯೊಂದರೊಳಗೆ ನಡೆದು ಊರು ಹೊಗಲು ನೋಡಿದರೆಂದು ಇತಿಹಾಸಕಾರ ಪ್ರೊಕೋಪಿಯಸ್ ಬರೆಯುತ್ತಾನೆ. ಬಿರುಕಿನಲ್ಲಿ ಬೆಳಕು ಕಂಡ ಕಾವಲುಗಾರನಿಗೆ ಜೊತೆಯವರು ‘ಅದು ತೋಳದ ಕಣ್ಣು, ಸುಮ್ಮನಿರು’ ಎಂಬರ್ಥದಲ್ಲಿ ಸಮಾಧಾನ ಹೇಳಿದರಂತೆ. ಮುಂದೆ ಪೋಪರು ವಿರ್ಗೊ ಕಾಲುವೆಯನ್ನು ಮತ್ತೆ ಮತ್ತೆ ದುರಸ್ತಿ ಮಾಡಿಸಿದರು. 1570ರ ದುರಸ್ತಿ ದೊಡ್ಡದು. ಪ್ರವಾಸಿಗರು ನಾಣ್ಯ ಎಸೆಯುವ ಟ್ರೆವಿ ಕಾರಂಜಿ 1762ರಲ್ಲಿ ಮುಗಿದದ್ದು, ಅದರ ನೀರು ಇದೇ ಕಾಲುವೆಯದು.

ಗಾರೆಯ ಕತೆ ಬೇರೆ. ಅಲ್ಲಿ ಸರಪಳಿ ಕಡಿದುಹೋಗಿತ್ತು. ಬರೀ ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿ ಬೇಕು; ನೀರಿನಡಿಯಲ್ಲಿ ಅದು ಹಿಡಿಯುವುದಿಲ್ಲ. ನೇಪಲ್ಸ್ ಕೊಲ್ಲಿಯ ಪೊಝುವೋಲಿ ಊರಿನ ಸುತ್ತ ಸಿಗುವ ಜ್ವಾಲಾಮುಖಿ ಬೂದಿ, ಅಂದರೆ ಪೊಝೊಲಾನಾ, ಸುಣ್ಣದ ಜೊತೆ ಸೇರಿದರೆ ಸಮುದ್ರದೊಳಗೂ ಕಲ್ಲಾಗುತ್ತದೆಂದು ರೋಮನ್ನರಿಗೆ ತಿಳಿದಿತ್ತು. ಬೂದಿಯಲ್ಲಿರುವ ಸಿಲಿಕಾ, ಅಲ್ಯೂಮಿನಾಗಳು ನೀರಿನ ಸಮ್ಮುಖದಲ್ಲಿ ಸುಣ್ಣದೊಡನೆ ಬೆರೆತು ಹೊಸ ಬಂಧ ಕಟ್ಟುತ್ತವೆ. ಜುದೇಯದ ಹೆರೋದ್ ರಾಜ ಸಿಸರಿಯದಲ್ಲಿ ಬಂದರು ಕಟ್ಟುವಾಗ ಈ ಬೂದಿಯನ್ನು ಇಟಲಿಯಿಂದ ಹಡಗಿನಲ್ಲಿ ತರಿಸಿದ. ರೋಮಿನ ಪ್ಯಾಂಥಿಯನ್ ಗುಮ್ಮಟ 43.3 ಮೀಟರ್ ಅಗಲ, ಒಳಗೆ ಒಂದು ಕಂಬಿಯಿಲ್ಲ. ಬುಡದಲ್ಲಿ ಭಾರದ ಜಲ್ಲಿ, ಮೇಲೇರಿದಂತೆ ಹಗುರ, ನೆತ್ತಿಯ ಬಳಿ ತೂತುತೂತಾದ ಪ್ಯೂಮಿಸ್ ಕಲ್ಲು. ಕಬ್ಬಿಣವಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇದಕ್ಕಿಂತ ದೊಡ್ಡದು ಇಂದಿಗೂ ಇಲ್ಲ.

ಸಾಮ್ರಾಜ್ಯ ಚೂರಾದ ಮೇಲೆ ಯುರೋಪಿನ ಬಹುಭಾಗದಲ್ಲಿ ಈ ಮಟ್ಟದ ಕಾಂಕ್ರೀಟ್ ಕೆಲಸ ನಿಂತೇಹೋಯಿತು. ಅದು ಮರಳಿದ ದಾರಿಯಲ್ಲಿ ಒಂದು ಬಂಡೆ ಇದೆ. ಇಂಗ್ಲೆಂಡಿನ ಪ್ಲಿಮತ್ ಬಂದರಿನಾಚೆ ಸಮುದ್ರದಲ್ಲಿರುವ ಎಡಿಸ್ಟೋನ್. ಅಲ್ಲಿನ ಮೊದಲ ದೀಪಸ್ತಂಭವನ್ನು 1703ರ ಬಿರುಗಾಳಿ ಒಯ್ದಿತು, ಎರಡನೆಯದು 1755ರಲ್ಲಿ ಸುಟ್ಟುಹೋಯಿತು. ಮೂರನೆಯದನ್ನು ಕಟ್ಟಲು ಬಂದ ಜಾನ್ ಸ್ಮೀಟನ್ ಎದುರಿಗಿದ್ದ ಪ್ರಶ್ನೆ: ದಿನಕ್ಕೆರಡು ಬಾರಿ ಉಬ್ಬರಕ್ಕೆ ತೋಯುವ ಬಂಡೆಯಲ್ಲಿ ಯಾವ ಗಾರೆ ನಿಲ್ಲುತ್ತದೆ? ಬೇರೆ ಬೇರೆ ಊರುಗಳ ಸುಣ್ಣ ತರಿಸಿದ. ಒಂದೊಂದರಲ್ಲೂ ಎರಡಂಗುಲದ ಉಂಡೆ ಕಟ್ಟಿ ನೀರಿಗೆ ಹಾಕಿ, ಯಾವುದು ಕರಗುತ್ತದೆ, ಯಾವುದು ಗಟ್ಟಿಯಾಗುತ್ತದೆ ಎಂದು ನೋಡುತ್ತ ಕೂತ. ಕಲ್ಲು ಗಟ್ಟಿಯಿದ್ದಷ್ಟೂ ಸುಣ್ಣ ಗಟ್ಟಿ ಎಂದು ವಿಟ್ರೂವಿಯಸನ ಕಾಲದಿಂದ ಎಲ್ಲರೂ ನಂಬಿದ್ದರು. ಉಂಡೆಗಳು ಹಾಗೆ ಹೇಳಲಿಲ್ಲ. ಸ್ಮೀಟನ್ ಸುಣ್ಣದಕಲ್ಲನ್ನು ಆಮ್ಲದಲ್ಲಿ ಕರಗಿಸಿದ. ನೀರಿನಲ್ಲಿ ಗಟ್ಟಿಯಾಗುವ ಜಾತಿಯ ಕಲ್ಲು ಕರಗಿದಾಗ ತಳದಲ್ಲಿ ಜೇಡಿಮಣ್ಣು ಉಳಿಯುತ್ತಿತ್ತು. ಗುಟ್ಟು ಇದ್ದದ್ದು ಆ ‘ಕಲಬೆರಕೆ’ಯಲ್ಲೇ. ಕೊನೆಗೆ ವೇಲ್ಸಿನ ಅಬರ್ಥಾ ಸುಣ್ಣ, ಇಟಲಿಯ ಚಿವಿತವೆಕ್ಯದ ಪೊಝೊಲಾನಾ, ಎರಡನ್ನೂ ಸಮಸಮ ಬೆರೆಸಿ 1759ರಲ್ಲಿ ಸ್ತಂಭ ಮುಗಿಸಿದ. ರೋಮನ್ನರ ಬೂದಿ ಕೈಹಿಡಿಯಿತು, ರೋಮನ್ನರ ಮಾತು ಕೈಕೊಟ್ಟಿತು. ನೂರಕ್ಕೂ ಹೆಚ್ಚು ವರ್ಷ ನಿಂತ ಮೇಲೆ ಅದನ್ನು ಇಳಿಸಬೇಕಾಗಿ ಬಂದದ್ದು ಗಾರೆ ಸೋತು ಅಲ್ಲ, ಅಡಿಯ ಬಂಡೆಯನ್ನೇ ಕಡಲು ತಿಂದದ್ದರಿಂದ.

ಸುಣ್ಣ ಮತ್ತು ಜೇಡಿಯನ್ನು ಬೇಕೆಂದೇ ಬೆರೆಸಿ ಸುಡುವ ಹಾದಿ ಅಲ್ಲಿಂದ ಬೆಳೆದು, 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಇಂದು ನಮ್ಮಲ್ಲಿ ಮನೆ ಕಟ್ಟುವವರು ಕೊಳ್ಳುವ ಎಷ್ಟೋ ಮೂಟೆಗಳ ಮೇಲೆ ಪಿಪಿಸಿ ಎಂದಿರುತ್ತದೆ: ಪೋರ್ಟ್‌ಲ್ಯಾಂಡ್ ಪೊಝೊಲಾನಾ ಸಿಮೆಂಟ್. ಜ್ವಾಲಾಮುಖಿ ಬೂದಿಯ ಬದಲು ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ, ನೂರಕ್ಕೆ 15ರಿಂದ 35 ಪಾಲು. ಕೆಲಸ ಅದೇ. ಹಾಗೆಂದು ಎಲ್ಲವೂ ರೋಮಿನಿಂದಲೇ ಬಂತೆನ್ನುವುದು ತಪ್ಪು. ಇಟ್ಟಿಗೆ ಪುಡಿಯನ್ನು ಸುಣ್ಣಕ್ಕೆ ಬೆರೆಸುವ ಸುರ್ಕಿ ಗಾರೆ ನಮ್ಮ ದೇಶದ ಹಳೆಯ ರೂಢಿ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಎದ್ದದ್ದು ಸುರ್ಕಿಯಲ್ಲೇ. ಸುಟ್ಟ ಜೇಡಿ ಅಲ್ಲಿ ಮಾಡುವುದು ಬೂದಿಯ ಕೆಲಸವನ್ನೇ.

ರೋಮನ್ ಕಾಂಕ್ರೀಟಿನ ಬಗ್ಗೆ ಈಚೆಗೆ ಉತ್ಸಾಹ ಹೆಚ್ಚಿದೆ. ಬಂದರುಗಳ ಕಾಂಕ್ರೀಟಿನೊಳಗೆ ಸಮುದ್ರದ ನೀರು ಇಳಿದು ಹೊಸ ಖನಿಜ ಬೆಳೆಸುತ್ತದೆಂದು ಸಂಶೋಧಕಿ ಮೇರಿ ಜಾಕ್ಸನ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. 2023ರಲ್ಲಿ ಎಂಐಟಿಯ ಅಡ್ಮಿರ್ ಮಾಸಿಕ್ ತಂಡ, ಅದರಲ್ಲಿ ಕಾಣುವ ಬಿಳಿ ಸುಣ್ಣದ ಹರಳುಗಳು ಸರಿಯಾಗಿ ಕಲಸದೆ ಉಳಿದ ಗಂಟುಗಳಲ್ಲ, ಬಿರುಕಿಗೆ ನೀರು ಇಳಿದಾಗ ಕರಗಿ ಅದನ್ನು ಮುಚ್ಚುವ ಸುಣ್ಣದ ದಾಸ್ತಾನು ಎಂದು ವಾದಿಸಿತು. ‘ಆಗಿನವರ ಕೆಲಸವೇ ಕೆಲಸ’ ಎನ್ನುವವರಿಗೆ ಇದು ಹಬ್ಬ. ಆದರೆ ಬಿದ್ದುಹೋದ ರೋಮನ್ ಕಟ್ಟಡಗಳ ಮುಂದೆ ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ. ಅವರ ಗೋಡೆಗಳು ಆಳೆತ್ತರ ದಪ್ಪ, ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಎಳೆತ ತಾಳಲಾರದ ಆ ಕಾಂಕ್ರೀಟಿನಲ್ಲಿ ಇಂದಿನ ಮೇಲ್ಸೇತುವೆಯ ತೆಳ್ಳನೆಯ ತೊಲೆ ಹಾಯಿಸಲಾಗದು. ಕಂಬಿ ಹಾಕಿದ್ದರಿಂದ ನಮಗೆ ಆ ಶಕ್ತಿ ಬಂತು, ಅದೇ ಕಂಬಿ ತುಕ್ಕು ಹಿಡಿದು ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ರೋಮನ್ನರಿಗೆ ಎರಡೂ ಇರಲಿಲ್ಲ.

ನೀರು, ಗಾರೆ ಆಯಿತು; ಉಳಿದದ್ದು ರೋಮನ್ ರಸ್ತೆ. ಅದರ ಬಗ್ಗೆ ಒಂದು ಕಟ್ಟುಕತೆಯನ್ನು ಮೊದಲು ಬದಿಗಿಡೋಣ. ರೈಲು ಹಳಿಯ 1435 ಮಿ.ಮೀ. ಅಗಲ ರೋಮನ್ ರಥಗಳಿಂದ ಬಂತು ಎನ್ನುವ ಮಾತು ಎಲ್ಲೆಡೆ ಓಡಾಡುತ್ತದೆ. ಆ ಅಳತೆ ಬಂದದ್ದು ಈಶಾನ್ಯ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಬಂಡಿಹಾದಿಯಿಂದ, ಅದನ್ನು ಹರಡಿದವನು ಜಾರ್ಜ್ ಸ್ಟೀಫನ್‌ಸನ್. ಅದೇ ಇಂಗ್ಲಿಷರು ಭಾರತದಲ್ಲಿ 1676 ಮಿ.ಮೀ. ಹಾಕಿದರಲ್ಲ, ಅದಕ್ಕೆ ಯಾವ ರಥ?

ರಸ್ತೆಗಳ ನಿಜವಾದ ಪ್ರಭಾವ ಅವುಗಳ ಜಾಡಿನಲ್ಲಿದೆ. ಕ್ರಿ.ಪೂ. 312ರಲ್ಲಿ ಅಪ್ಪಿಯಸ್ ಕ್ಲಾಡಿಯಸ್ ರೋಮಿನಿಂದ ಕಾಪುವಕ್ಕೆ ಹಾಕಿಸಿದ ವಿಯಾ ಅಪ್ಪಿಯ ಆ ಸಾಲಿನ ಹೆಸರಾಂತ ರಸ್ತೆ. ಬ್ರಿಟನ್ನಿನ ಎ5 ಹೆದ್ದಾರಿ ದೂರದವರೆಗೆ ರೋಮನ್ನರ ವಾಟ್ಲಿಂಗ್ ರಸ್ತೆಯ ಮೇಲೇ ಸಾಗುತ್ತದೆ. ಕಾರ್ಲ್-ಯೋಹಾನ್ ದಾಲ್ಗೋರ್ ಮತ್ತು ಜೊತೆಯ ಅರ್ಥಶಾಸ್ತ್ರಜ್ಞರು ಹಳೆಯ ಸಾಮ್ರಾಜ್ಯದ ನಕ್ಷೆಯನ್ನು ಚೌಕಗಳಾಗಿ ಹೋಳುಮಾಡಿ, ರೋಮನ್ ರಸ್ತೆ ದಟ್ಟವಾಗಿದ್ದಲ್ಲಿ ಇಂದು ರಸ್ತೆ, ಜನ, ರಾತ್ರಿಯ ವಿದ್ಯುತ್ ಬೆಳಕು ಎಷ್ಟಿವೆ ಎಂದು ನೋಡಿದರು. ಯುರೋಪಿನಲ್ಲಿ ಎರಡೂ ಚೆನ್ನಾಗಿ ಹೊಂದಿಕೊಂಡವು. ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯದಲ್ಲಿ ಹೊಂದಲಿಲ್ಲ. ಅಲ್ಲಿಯೂ ಹಾಕಿದವರು ಅದೇ ರೋಮನ್ನರೇ. ಆದರೆ ಸಾಮ್ರಾಜ್ಯದ ಕೊನೆಯ ಶತಮಾನಗಳಲ್ಲಿ ಅಲ್ಲಿನ ಜನ ಎತ್ತಿನ ಬಂಡಿ ಬಿಟ್ಟು ಒಂಟೆಯ ಮೇಲೆ ಸರಕು ಹೇರತೊಡಗಿದರು. ಒಂಟೆ ಬಂಡಿಗಿಂತ ಅಗ್ಗ, ಅದಕ್ಕೆ ಹಾಸುಗಲ್ಲಿನ ದಾರಿ ಬೇಡ, ಸೇತುವೆಯ ಹಂಗೂ ಕಡಿಮೆ. ರಸ್ತೆ ರಿಪೇರಿ ಮಾಡಿಸುವವರು ಯಾರೂ ಉಳಿಯಲಿಲ್ಲ. ಗಾಲಿ ಅಲ್ಲಿಗೆ ದೊಡ್ಡ ಪ್ರಮಾಣದಲ್ಲಿ ಮರಳಿದ್ದು ಆಧುನಿಕ ಕಾಲದಲ್ಲಿ. ಅಷ್ಟರಲ್ಲಿ ಊರುಗಳೂ ಸಂತೆಗಳೂ ಬೇರೆಡೆ ಬೆಳೆದಿದ್ದವು, ಹೊಸ ರಸ್ತೆಗಳು ಅವುಗಳ ಕಡೆಗೇ ಹೋದವು.